ನೂರಕ್ಕೆ ಎಷ್ಟು ಹಿಡಿಯುತ್ತವೆ

ನಮ್ಮಕ್ಕನ ಮೂಳೆಗಳು ರಕ್ತ ಮಾಡುವುದನ್ನು ನಿಲ್ಲಿಸಿದ್ದು ಎಂಬತ್ನಾಲ್ಕರಲ್ಲೋ ಎಂಬತ್ತೈದರಲ್ಲೋ, ಖಚಿತವಾಗಿ ಹೇಳಲಾರೆ. ಆ ವರ್ಷ ನಮ್ಮೂರು ಶ್ರೀನಿವಾಸಪುರದಲ್ಲಿ ಮಾವಿನ ಫಸಲು ಚೆನ್ನಾಗಿತ್ತೆಂದು ನನ್ನ ನೆನಪು. ಇರಲಿಲ್ಲ ಎನ್ನುತ್ತಾಳೆ ಅಕ್ಕ. ಮಾಲೂರಿನ ಗಂಡನ ಮನೆಯಿಂದ ಅವಳು ತವರಿಗೆ ಬಂದಾಗ ಕೈಕಾಲಿನ ಮೇಲೆಲ್ಲ ನೀಲಿ ಕಲೆಗಳಿದ್ದವು. ನಮ್ಮ ತಾಯಿ ಮೊದಲು ಅನುಮಾನಿಸಿದ್ದು ಭಾವನನ್ನು. ಅವರು ಪಾಪ, ಅಕ್ಕನಿಗೆ ಎದುರು ಮಾತಾಡಿದವರೇ ಅಲ್ಲ.

ಕೋಲಾರದ ಡಾಕ್ಟರು ರಕ್ತ ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿ, ಒಳಗಿನ ಮಜ್ಜೆ ಒಣಗಿದೆ ಅಂದರು. ರಕ್ತವನ್ನು ಹುಟ್ಟಿಸುವ ಮೂಲ ಕಣಗಳೇ ಅದರಲ್ಲಿ ಉಳಿದಿಲ್ಲವಂತೆ. ಈಗ ಅವಕ್ಕೆ ಸ್ಟೆಮ್ ಸೆಲ್ ಅನ್ನುತ್ತಾರೆ. ಆಗ ನಮ್ಮ ಮುಂದೆ ಯಾರೂ ಆ ಹೆಸರು ಎತ್ತಲಿಲ್ಲ. ಹದಿನೈದು ದಿನಕ್ಕೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ಬದುಕಬೇಕು, ಹಾಗೆ ಎಷ್ಟು ದಿನ ನಡೆಯುತ್ತದೋ ಹೇಳಲಾಗದು. ಇನ್ನೊಂದು ದಾರಿ, ಒಳ್ಳೆಯ ಮಜ್ಜೆಯನ್ನು ಇನ್ನೊಬ್ಬರಿಂದ ತೆಗೆದು ಇವಳಿಗೆ ಕೊಡುವುದು. ಅದು ಬೊಂಬಾಯಿಯಲ್ಲಿ ಈಗಷ್ಟೇ ಶುರುವಾಗಿದೆ, ಯೋಚನೆ ಮಾಡಿ ಬನ್ನಿ ಎಂದರು.

ಯೋಚನೆ ಮಾಡುವ ಕೆಲಸವನ್ನು ಸೋದರಮಾವ ವಹಿಸಿಕೊಂಡರು. ಅವರು ಮಾವಿನ ಕಸಿ ಕಟ್ಟಿ ಸಸಿ ಮಾರುವವರು. ಮಾವಿನ ವಾಟೆಯಿಂದ ಎದ್ದ ನಾಟಿ ಸಸಿಯನ್ನು ಕುಂಡದ ಸಮೇತ ಬಾದಾಮಿ ಜಾತಿಯ ಮರದ ಕೊಂಬೆಯ ಪಕ್ಕಕ್ಕೆ ತಂದು, ಎರಡರ ಸಿಪ್ಪೆಯನ್ನೂ ಹೆರೆದು, ಗಾಯಕ್ಕೆ ಗಾಯ ಕೂಡಿಸಿ ಬಾಳೆನಾರಿನಿಂದ ಬಿಗಿಯುತ್ತಿದ್ದರು. ಎರಡು ಮೂರು ತಿಂಗಳಲ್ಲಿ ಅವು ಕೂಡಿಕೊಂಡರೆ ಮಾತ್ರ ಕೊಂಬೆಯನ್ನು ತಾಯಿಮರದಿಂದ ಕಡಿಯುವುದು. ಮಜ್ಜೆ ಬದಲಿಸುವುದೆಂದರೆ ಇದೇ ಎಂದು ಅವರು ಒಂದೇ ದಿನದಲ್ಲಿ ತೀರ್ಮಾನಿಸಿದರು. ಅಕ್ಕ ಬಾದಾಮಿ. ಬುಡಕ್ಕೆ ಯಾವತ್ತೂ ಬಾದಾಮಿ ಹಾಕಬಾರದು, ನಾಟಿಯೇ ಆಗಬೇಕು, ಗಟ್ಟಿತನ ಇರುವುದು ಅದಕ್ಕೇ. ಆದ್ದರಿಂದ ನಮ್ಮ ವಂಶದವರ ಮಜ್ಜೆ ಬೇಡ.

ಅವರ ತೋಪಿನಲ್ಲಿ ಗುಂಡಿ ತೋಡಲು ಮುಳಬಾಗಿಲು ಕಡೆಯ ಆಳೊಬ್ಬನಿದ್ದ. ನಲವತ್ತರ ಆಚೀಚೆ. ಅವನಿಗೆ ಜ್ವರ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮಾವ ನಾಟಿ ಬುಡದ ವಿಚಾರವನ್ನು ಅವನ ಮುಂದೆಯೇ ಬಿಡಿಸಿ ಹೇಳಿದರು. ಅವನು ಕೇಳಿಸಿಕೊಂಡು, ಯಾವತ್ತು ಹೊರಡಬೇಕು ಎಂದಷ್ಟೇ ಕೇಳಿದ.

ನಾನು ಆಗ ಕೋಲಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದೆ. ಎಂ.ಎಸ್ಸಿ. ಓದಿದವನೆಂದು ಮಾವ ನನ್ನ ಅಭಿಪ್ರಾಯವನ್ನೂ ಕೇಳಿದರು. ಇದಕ್ಕೆಲ್ಲ ಆಧಾರ ಸಾಲದು, ಅಲ್ಲಿ ಎಷ್ಟು ಜನಕ್ಕೆ ಮಾಡಿದ್ದಾರೆ, ಅದರಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು ಮೊದಲು ತಿಳಿಯಬೇಕು ಅಂದೆ. ಬುಡದ ವಿಚಾರದಲ್ಲಿ ಏನೂ ಅನ್ನಲಿಲ್ಲ.

ಅಕ್ಕ, ಮಾವ, ಆ ಆಳು, ನಾನು, ನಾಲ್ವರೂ ಬೆಂಗಳೂರಿನ ಬಸ್ಸು ಹತ್ತಿದೆವು. ಹೊಸಕೋಟೆ ದಾಟುವಷ್ಟರಲ್ಲಿ ಕಿಟಕಿಯ ಕಂಬಿ ತಾಗಿದ ಕಡೆ ಅಕ್ಕನ ತೋಳು ನೀಲಿಯಾಗಿತ್ತು. ಅವಳು ಸೆರಗು ಎಳೆದುಕೊಂಡಳು.

ಡಾಕ್ಟರು ಸಣ್ಣ ದನಿಯ ಹೆಂಗಸು. ನಾವು ಅವರ ಕೋಣೆಗೆ ಹೋದ ಕೂಡಲೇ ಆಳು ಅಂಗಿ ಬಿಚ್ಚಿ ತೊಡೆಯ ಮೇಲೆ ಮಡಚಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ.

"ನಾ ಎಮುಕುಲು ಗಟ್ಟಿವಿ ಅಮ್ಮಾ. ಎಂತ ಕಾವಾಲೋ ತೀಸ್ಕೋಂಡಿ," ಎಂದ. ತನ್ನ ಮೂಳೆ ಗಟ್ಟಿ, ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಿ ಎಂದು.

ಡಾಕ್ಟರಿಗೆ ತೆಲುಗು ಬರುತ್ತಿತ್ತು. ಅವರು ನಗಲಿಲ್ಲ. ಹೊರಗಿನವರ ಮಜ್ಜೆ ಆಗುವುದಿಲ್ಲ, ಒಡಹುಟ್ಟಿದವರದ್ದೇ ಬೇಕು, ಅದೂ ಹೊಂದಿದರೆ ಮಾತ್ರ ಎಂದು ಅವನಿಗೇ ವಿವರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ಒಡಹುಟ್ಟಿದವರು ಯಾರಿದ್ದಾರೆ ಎಂದರು.

"ಇಗೋ, ಇವನೊಬ್ಬ ಅವ್ನೆ," ಎಂದರು ಮಾವ.

ಆಳೂ ನನ್ನ ಕಡೆ ನೋಡಿದ. ನೋಡುತ್ತಲೇ ಅಂಗಿ ಹಾಕಿಕೊಂಡ.

ಕೊಡುವವನಿಗೆ ಅರಿವಳಿಕೆ ಕೊಟ್ಟು ಸೊಂಟದಿಂದ ಸೂಜಿಯಲ್ಲಿ ತೆಗೆಯುತ್ತಾರೆ, ಕೆಲವು ದಿನ ನೋವಿರುತ್ತದೆ, ತೆಗೆದದ್ದು ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರು. ಅವನಿಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನಲಾರೆ. ಅಪಾಯವೆಲ್ಲ ತೆಗೆದುಕೊಳ್ಳುವವರಿಗೆ. ಅಳಿದುಳಿದ ಮಜ್ಜೆಯನ್ನು ಮೊದಲು ಔಷಧಿಯಿಂದ ಪೂರ್ತಿ ಸುಡಬೇಕು. ಹೊಸದು ಹಿಡಿಯುವ ತನಕ ಒಂದು ನೆಗಡಿಯೂ ಪ್ರಾಣ ತೆಗೆಯಬಹುದು. ಹಿಡಿದ ಮೇಲೂ ಹೊಸ ಮಜ್ಜೆ ಈ ಮೈಯನ್ನು ಪರಕೀಯವೆಂದು ತಿಳಿದು ಚರ್ಮವನ್ನೂ ಕರುಳನ್ನೂ ಕೆಡಿಸಬಹುದು.

"ನೂರಕ್ಕೆ ಎಷ್ಟು ಹಿಡೀತವೆ ಅಮ್ಮಾ?" ಎಂದರು ಮಾವ. ಸಸಿ ಕೊಳ್ಳುವವರು ಅವರನ್ನು ದಿನಾ ಕೇಳುತ್ತಿದ್ದ ಪ್ರಶ್ನೆ ಅದು.

"ನಮ್ಮ ದೇಶದಲ್ಲಿ ಇನ್ನೂ ನೂರು ಮಾಡಿಲ್ಲ."

ಮಾವ ಬಿಡಲಿಲ್ಲ. "ಹಿಡಿಯೋಕೆ ಮುಂಚೇನೇ ತಾಯಿಮರದಿಂದ ಕಡಿದುಬಿಡ್ತೀರ. ನಾನು ಗಿಡಕ್ಕೂ ಹಂಗೆ ಮಾಡಲ್ಲ ಅಮ್ಮಾ."

"ಮುಂಚೆ ಕಡೀದೆ ಇದ್ರೆ ಇದು ಹಿಡಿಯೋದೇ ಇಲ್ಲ," ಎಂದರು ಡಾಕ್ಟರು.

ಮಾವನ ಈ ಎರಡೂ ಮಾತುಗಳನ್ನು ಆಡಿದವನು ನಾನೆಂದು ವಿದ್ಯಾರ್ಥಿಗಳಿಗೆ ಬಹಳ ವರ್ಷ ಹೇಳಿದ್ದೇನೆ. ಹೇಳುವಾಗ ಸುಳ್ಳೆನಿಸಿರಲಿಲ್ಲ. ನಾನು ಆಗ ಕಿಟಕಿಯ ಬಳಿ ನಿಂತು ಸೈಕಲ್ ಸ್ಟ್ಯಾಂಡ್ ನೋಡುತ್ತಿದ್ದೆ ಎಂದು ಅಕ್ಕ ತಿದ್ದಿದಳು. ಅಲ್ಲಿ ಸೈಕಲ್ ಸ್ಟ್ಯಾಂಡ್ ಇದ್ದದ್ದು ನಿಜ.

ಅಕ್ಕ ಅಲ್ಲಿ ಕೇಳಿದ್ದು ಒಂದೇ ಮಾತು: ತಮ್ಮನಿಗೇನೂ ಆಗುವುದಿಲ್ಲ ತಾನೇ ಎಂದು. ಮೊದಲು ಹೊಂದುತ್ತದೆಯೋ ನೋಡೋಣ ಎಂದು ಡಾಕ್ಟರು ನಮ್ಮಿಬ್ಬರ ರಕ್ತವನ್ನೂ ತೆಗೆದು ಬೊಂಬಾಯಿಗೆ ಕಳಿಸಿದರು. ಉತ್ತರ ಬರುವ ತನಕ ಇರಲಿ ಎಂದು ಅಕ್ಕನಿಗೆ ಗಂಡಸರ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಕೆಲವರಿಗೆ ಅದು ನಾಟುತ್ತದೆ, ಯಾರಿಗೆಂದು ಮುಂಚೆ ತಿಳಿಯುವುದಿಲ್ಲವಂತೆ.

ಆ ವಾರಗಳಲ್ಲಿ ನಾನು ತುಂಬ ಓದಿದೆ, ಬೆಂಗಳೂರಿನ ಲೈಬ್ರರಿಗೆ ಎರಡು ಸಲ ಹೋಗಿಬಂದೆ. ಸತ್ತವರ ವಿವರ ಇದ್ದ ಲೇಖನಗಳನ್ನು ಬರೆದುಕೊಂಡು ಬಂದು ಮಾವನಿಗೆ ಓದಿ ಹೇಳಿದೆ. ಅಕ್ಕನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ನಂಬಿದ್ದೆ. ಆ ಲೇಖನಗಳು ಸುಳ್ಳೇನೂ ಆಗಿರಲಿಲ್ಲ.

ಕಾಗದ ಬಂತು. ಹೊಂದುವುದಿಲ್ಲ ಎಂದಿತ್ತು. ಅದನ್ನು ಅಂಗಳದಲ್ಲಿ ನಾನೇ ಗಟ್ಟಿಯಾಗಿ ಓದಿದೆ. ನಮ್ಮ ತಾಯಿ ಅತ್ತರು. ನಾನು ಅದೇ ಕಾಗದವನ್ನು ಎರಡನೆಯ ಸಲವೂ ಓದಿದೆನಂತೆ. ಓದು ಎಂದು ಯಾರೂ ಹೇಳಿರಲಿಲ್ಲವಂತೆ.

ಅಷ್ಟರಲ್ಲಿ ಮಾತ್ರೆ ನಾಟತೊಡಗಿತ್ತು. ರಕ್ತ ಏರಿಸುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಮೂರು ತಿಂಗಳಿಗೆ, ಆಮೇಲೆ ಬೇಡವೇ ಆಯಿತು. ಅಕ್ಕನಿಗೆ ತೆಳುವಾಗಿ ಮೀಸೆ ಬಂತು, ದನಿ ದಪ್ಪವಾಯಿತು. ಭಾವ ಮೊದಲಿಗಿಂತ ಇನ್ನೂ ಕಡಿಮೆ ಮಾತಾಡತೊಡಗಿದರು.

ಎರಡು ಮೂರು ವರ್ಷ ಕಳೆದಿರಬೇಕು. ತವರಿಗೆ ಬಂದಿದ್ದ ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ, ಆ ದಪ್ಪ ದನಿಯಲ್ಲಿ ಕೇಳಿದಳು:

"ಮಾವ ಆವಯ್ಯನ್ನ ಕರ್ಕೊಂಡು ಬಸ್ ಹತ್ತಿದಾಗ ನೀನ್ಯಾಕೋ ಸುಮ್ನಿದ್ದೆ?"

ಮಜ್ಜೆ ಯಾರದ್ದಾಗಬೇಕು ಎಂದು ನನಗೂ ಗೊತ್ತಿರಲಿಲ್ಲ ಅಂದೆ.

"ಸರಿ ಬಿಡು. ಆವಯ್ಯಂಗೂ ಗೊತ್ತಿರ್ಲಿಲ್ಲ. ಅಂಗಿ ಬಿಚ್ಚಿ ಕೂತಿದ್ದ ಕಣೋ."

ಕೋಲಾರಕ್ಕೆ ಹಿಂತಿರುಗಿ, ಎಂ.ಎಸ್ಸಿ. ದಿನಗಳ ಟಿಪ್ಪಣಿ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದೆ. ಮೂರನೆಯದರಲ್ಲಿ, ಜೀವಕೋಶದ ಪಾಠದ ನಡುವೆ, ಮಜ್ಜೆ ಬದಲಿಸುವುದರ ಮೇಲೆ ಅರ್ಧ ಪುಟ ಬರೆದುಕೊಂಡಿದ್ದೆ. ಹಾಸ್ಟೆಲ್ಲಿನಲ್ಲಿದ್ದಾಗಿನ ಹಸಿರು ಶಾಯಿ. 'ಒಡಹುಟ್ಟಿದವರಿಂದ' ಎಂಬ ಮಾತಿನ ಕೆಳಗೆ ಅದೇ ಶಾಯಿಯ ಗೆರೆ.

ಆ ಪುಸ್ತಕ ಹಿಡಿದು ಮುಂದಿನ ಬಸ್ಸಿಗೇ ಶ್ರೀನಿವಾಸಪುರಕ್ಕೆ ಹೋಗಿ ಅಕ್ಕನಿಗೆ ತೋರಿಸಿದೆನೆಂದು ನನ್ನ ನೆನಪು. ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ, ಅದೂ ನೆನಪಿದೆ. ನಾನು ಹಾಗೆ ಬಂದೇ ಇರಲಿಲ್ಲ ಎನ್ನುತ್ತಾಳೆ ಅಕ್ಕ.