ಗಂಟಲು ನಂಬಿ ಹೊರಟದ್ದು

ಇವತ್ತು ಬೆಳಿಗ್ಗೆ ಚಳಿ ಅನ್ನಿಸಿ, ಶಾಲು ಹುಡುಕೋಣ ಅಂತ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ಬೇರೆಯವರಿಗೆ ಅಜ್ಜಿಯ ರೇಷ್ಮೆ ಸೀರೆಯೋ ಮದುವೆ ಮನೆಯ ಟ್ರಂಕೋ ನೆನಪಾಗುತ್ತದಂತೆ. ನನಗೆ ವಿಯೆಟ್ನಾಂ ನೆನಪಾಗುತ್ತದೆ. ನಗಬೇಡಿ. ಆ ದೇಶದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ನದಿಯ ದಂಡೆಯಲ್ಲೂ ಅಲ್ಲ, ಕಡಲ ತೀರದಲ್ಲೂ ಅಲ್ಲ. ಒಂದು ಹಳೆಯ ಮರದ ಬೀರುವಿನೊಳಗೆ, ದಪ್ಪ ರಗ್ಗುಗಳ ನಡುವೆ, ಮೊಣಕಾಲಿಗೆ ಗದ್ದ ಆನಿಸಿಕೊಂಡು.

ನನ್ನ ಕಸುಬು ಓದುವುದು. ಪಂಡಿತೆ ಅಂದುಕೊಂಡುಬಿಟ್ಟೀರಿ ಮತ್ತೆ. ಬೇರೆಯವರು ಬರೆದದ್ದನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಅದನ್ನು ರೆಕಾರ್ಡ್ ಮಾಡಿ ಕಂಪನಿಗೆ ಕಳಿಸಿ, ಸಂಭಾವನೆ ಪಡೆಯುವುದು. ನೀವು ಎಲ್ಲಿಗೋ ಫೋನ್ ಮಾಡಿದಾಗ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಅನ್ನುವ ಹೆಂಗಸೊಬ್ಬಳು ಸಿಗುತ್ತಾಳಲ್ಲ, ಸಿಕ್ಕಿದ ಕೂಡಲೇ ನೀವು ಹಲ್ಲು ಕಡಿಯುತ್ತೀರಲ್ಲ, ಆ ಪೈಕಿ ನಾನು. ಅದಕ್ಕೂ ಮೊದಲು ಒಂದು ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು ರೋಗಿಗಳ ಹೆಸರು ಕೂಗುತ್ತಿದ್ದೆ. ಕಾಯುತ್ತಾ ಕೂತ ಹಿರಿಯರೊಬ್ಬರು ಒಮ್ಮೆ ‘ನಿನ್ನ ಬಾಯಲ್ಲಿ ನನ್ನ ಹೆಸರು ಕೇಳಿ ಅರ್ಧ ಜ್ವರ ಇಳೀತು ಕಣಮ್ಮ’ ಅಂದಿದ್ದರು. ಆ ಒಂದು ಮಾತು ತಲೆಗೇರಿ ನಾನು ಧ್ವನಿ ಕೊಡುವ ಕೆಲಸ ಹುಡುಕತೊಡಗಿದೆ. ಮೊದಮೊದಲು ಸಂಜೆಗಳಲ್ಲಿ ಮಾತ್ರ. ಆಮೇಲೆ, ಮದುವೆಯೊಂದು ಮುರಿದು ಒಬ್ಬಳೇ ಆದ ಮೇಲೆ, ಆಸ್ಪತ್ರೆಯನ್ನೂ ಬಿಟ್ಟು ಪೂರ್ತಿ ಅದಕ್ಕೇ ಬಿದ್ದೆ.

ನಮ್ಮಣ್ಣನಿಗೆ ಇದು ಸುತರಾಂ ಹಿಡಿಸಲಿಲ್ಲ. “ಕೈ ನಂಬ್ಕೊಂಡು ಬದುಕೋರನ್ನ ನೋಡಿದೀನಿ, ಕಾಲು ನಂಬ್ಕೊಂಡು ಬದುಕೋರನ್ನೂ ನೋಡಿದೀನಿ. ಗಂಟಲು ನಂಬ್ಕೊಂಡು ಹೊಟ್ಟೆ ಹೊರೀತೀನಿ ಅನ್ನೋಳು ನೀನೊಬ್ಳೇ” ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಪರವಾಗಿ ನಿಂತದ್ದು ನಾಗರತ್ನತ್ತೆ, ಅಪ್ಪನ ತಂಗಿ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಸ್ವಂತ ಮನೆ, ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದವರು. ಅವರ ಮಹಡಿಯಲ್ಲಿ ಯೋಗ ಕಲಿಯಲು ಬಂದ ಪರದೇಶದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ನಮ್ಮೂರಿಗೆ ಅದೇನೂ ಹೊಸದಲ್ಲ ಬಿಡಿ. ಗೋಕುಲಂ ಕಡೆ ಹೋದರೆ ಎಳನೀರು ಮಾರುವವನಿಗೂ ನಾಲ್ಕು ದೇಶದ ನಮಸ್ಕಾರ ಬರುತ್ತದೆ. ಈ ಹುಡುಗಿ ಬೆಳಿಗ್ಗೆ ಯೋಗ ಮಾಡಿ, ಮಧ್ಯಾಹ್ನವೆಲ್ಲ ಲ್ಯಾಪ್‌ಟಾಪಿನಲ್ಲಿ ತನ್ನ ದೇಶದ ಕಂಪನಿಗಳಿಗೆ ಚಿತ್ರ ಬರೆದು ಕಳಿಸುತ್ತಿದ್ದಳು. ಅತ್ತೆ ಅದನ್ನು ಬಹಳ ದಿನ ಗಮನಿಸಿ, ಒಂದು ದಿನ ಅವರೆಕಾಳು ಬಿಡಿಸುತ್ತಾ ಕೇಳಿದರು:

“ಅವಳು ಇಲ್ಲಿಗೆ ಬಂದು ಅಲ್ಲಿನ ಕೆಲಸ ಮಾಡಬೋದಾದ್ರೆ, ನೀನು ಅಲ್ಲಿಗೆ ಹೋಗಿ ಇಲ್ಲಿನ ಕೆಲಸ ಮಾಡಕ್ಕಾಗಲ್ವೇನೇ?”

“ಅಲ್ಲಿಗೆ ಅಂದ್ರೆ ಎಲ್ಲಿಗೆ ಅತ್ತೆ?”

“ಎಲ್ಲಿಗಾದ್ರೂ ಸೈ. ನಾನೂ ಬರ್ತೀನಿ. ನನ್ನ ಖರ್ಚು ನಂದು.”

ಹೀಗೆ ನಾವು ವಿಯೆಟ್ನಾಮಿಗೆ ಹೊರಟೆವು. ಬೆಂಗಳೂರಿನ ಕಂಪನಿಯೊಂದು ಮಕ್ಕಳ ಕಥೆಗಳ ದೊಡ್ಡ ಸರಣಿಯನ್ನು ನನಗೆ ಒಪ್ಪಿಸಿತ್ತು. ಮಕ್ಕಳು ಮೊಬೈಲಿನಲ್ಲಿ ಚಿತ್ರ ನೋಡುತ್ತಾ ಕೇಳುವಂಥವು. ಅದನ್ನು ನೋಡಿಕೊಳ್ಳುತ್ತಿದ್ದವರು ಮಂಜುನಾಥ್ ಅಂತ. ಎಲ್ಲಿಂದಾದರೂ ಓದಿ ಕಳಿಸಿ ಮೇಡಂ, ಹಿಂದೆ ಸದ್ದಿರಬಾರದು ಅಷ್ಟೇ, ಅಂದಿದ್ದರು. ರೂಮಿನ ಬಾಡಿಗೆ, ಊಟ, ಓಡಾಟ ಎಲ್ಲ ಆ ಕೆಲಸದ ದುಡ್ಡಿನಲ್ಲೇ ನಡೆಯಬೇಕು ಅಂತ ನನ್ನ ಲೆಕ್ಕಾಚಾರ. ಒಳಗೊಳಗೆ ಇನ್ನೂ ಒಂದಿತ್ತು. ಈ ಪ್ರವಾಸ ಗೆದ್ದರೆ ನಾನು ನನ್ನ ಕಸುಬಿನಲ್ಲಿ ಬದುಕಬಲ್ಲೆ. ಸೋತರೆ ಬಾಯಿ ಮುಚ್ಚಿಕೊಂಡು ವಾಪಸು ಆಸ್ಪತ್ರೆಯ ರಿಸೆಪ್ಷನ್ನಿಗೆ. ಇದನ್ನು ಅತ್ತೆಗೂ ಹೇಳಿರಲಿಲ್ಲ.

ಹಿಂದೆ ಸದ್ದಿರಬಾರದು ಅಂದವರಿಗೆ ಹನೋಯ್ ನಗರದ ಪರಿಚಯ ಇರಲಿಲ್ಲ, ನನಗೂ ಇರಲಿಲ್ಲ. ಅಲ್ಲಿ ಸ್ಕೂಟರು ಓಡಿಸುವವರು ಉಸಿರಾಡಿದಷ್ಟೇ ಸಹಜವಾಗಿ ಹಾರ್ನ್ ಮಾಡುತ್ತಾರೆ. ನಮ್ಮ ದಸರಾ ಮೆರವಣಿಗೆ ದಿನದ ಗದ್ದಲವನ್ನು ದಿನವೂ ಬೀದಿಗೆ ಬಿಟ್ಟ ಹಾಗೆ. ನರಿ ದ್ರಾಕ್ಷಿ ನೋಡುತ್ತಿರುವಾಗ ಹಿಂದಿನಿಂದ ಪೀಂ ಅಂತ ಕೇಳಿದರೆ ಯಾವ ಮಗು ನಂಬೀತು? ಗಂಟುಮೂಟೆ ಕಟ್ಟಿಕೊಂಡು ಹೊಯಿ ಆನ್ ಎಂಬ ಪುಟ್ಟ ಊರಿಗೆ ಬಂದೆವು. ಹಳದಿ ಗೋಡೆಯ ಮನೆಗಳು, ಬಾಗಿಲಲ್ಲಿ ಕಾಗದದ ಲಾಟೀನು, ಮಗ್ಗುಲಲ್ಲೇ ಹೊಳೆ. ಲಾನ್ ಎಂಬ ಹೆಂಗಸು ತನ್ನ ಮನೆಯ ಮೇಲಿನ ಕೋಣೆಯನ್ನು ನಮಗೆ ಕೊಟ್ಟಳು. ಅತ್ತೆ ಬಾಯಲ್ಲಿ ಅವಳು ಅವತ್ತೇ ಲಾನಮ್ಮ ಆದಳು.

ಅಲ್ಲಿಯೂ ಹುಂಜವಿತ್ತು, ಸಂಜೆಯಾದರೆ ಎದುರುಮನೆಯವರು ಮೈಕು ಹಿಡಿದು ಹಾಡುತ್ತಿದ್ದರು. ಆದರೆ ಬೀರುವಿತ್ತು. ಆಳೆತ್ತರದ, ನುಸಿಗುಳಿಗೆ ವಾಸನೆಯ, ಗಟ್ಟಿ ಮರದ ಬೀರು. ಅದರೊಳಗೆ ಲಾನಮ್ಮನ ರಗ್ಗುಗಳನ್ನೆಲ್ಲ ತೂಗುಹಾಕಿ, ಮೈಕು ಇಟ್ಟು, ನಾನು ಕೂತು ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕ ಸುಮ್ಮನಾಗುತ್ತಿತ್ತು. ಬೆವರು ಸುರಿಯುತ್ತಿತ್ತು, ಅದು ಬೇರೆ. ಬೀರುವಿನೊಳಗಿಂದ ಒಬ್ಬಳೇ ಒಮ್ಮೆ ಹುಲಿಯ ಹಾಗೆ, ಒಮ್ಮೆ ಮೊಲದ ಹಾಗೆ ಮಾತಾಡುವುದನ್ನು ಕೇಳಿ ಲಾನಮ್ಮ ಮೊದಲ ದಿನ ಗಾಬರಿಯಾಗಿ ಊದುಬತ್ತಿ ಹಚ್ಚಿದಳು. ಅತ್ತೆ ಅವಳನ್ನು ಕರೆದುಕೊಂಡು ಬಂದು, ಬಾಗಿಲು ತೆಗೆಸಿ, ನನ್ನನ್ನು ದೇವರ ವಿಗ್ರಹ ತೋರಿಸುವ ಹಾಗೆ ತೋರಿಸಿ ಸಮಾಧಾನ ಮಾಡಬೇಕಾಯಿತು.

ಅತ್ತೆಯ ಸಂಭ್ರಮ ಹೇಳತೀರದು. ನಾನು ಬೀರು ಸೇರಿದ ಮೇಲೆ ಅವರು ಮಾರುಕಟ್ಟೆಗೆ ಹೊರಡುತ್ತಿದ್ದರು. ದೇವರಾಜ ಮಾರುಕಟ್ಟೆಯಲ್ಲಿ ಹೇಗೋ ಹಾಗೇ, ಅಪ್ಪಟ ಕನ್ನಡದಲ್ಲಿ, “ಇದೇನಮ್ಮ ಬದನೆಕಾಯಿ ಇಷ್ಟುದ್ದ! ಹುಳ ಇಲ್ಲ ತಾನೆ?” ಅಂತ ಕೇಳುವುದು, ಆ ಹೆಂಗಸರು ಅವರ ಭಾಷೆಯಲ್ಲಿ ಏನೋ ಹೇಳುವುದು, ಎರಡೂ ಕಡೆಯವರು ತೃಪ್ತರಾಗಿ ಬೀಳ್ಕೊಳ್ಳುವುದು. ಹುಣ್ಣಿಮೆ ಅಮಾವಾಸ್ಯೆಗೆ ಅಲ್ಲಿ ಬಹಳ ಜನ ಮಾಂಸ ಮುಟ್ಟುವುದಿಲ್ಲ ಅಂತ ಗೊತ್ತಾದ ದಿನ, ಅತ್ತೆ ಆ ದೇಶವನ್ನು ತಮ್ಮ ನೆಂಟರ ಪಟ್ಟಿಗೆ ಸೇರಿಸಿಕೊಂಡರು. ಮೊದಲ ಕಂತಿನ ಹಣ ಮೈಸೂರಿನ ಬ್ಯಾಂಕಿಗೆ ಬಿದ್ದ ಸುದ್ದಿ ಮೊಬೈಲಿಗೆ ಬಂದಾಗ ನಾವು ಹೊಳೆಯ ದಂಡೆಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದೆವು. ಬೀರುವಿನಲ್ಲಿ ಕೂತು ಹುಲಿಯಾಗಿ ಗರ್ಜಿಸಿದ್ದಕ್ಕೆ ಎಳನೀರು ಸಿಕ್ಕಿದೆ ಅನ್ನಿಸಿ ನನಗೆ ಅಳುವೇ ಬಂದುಬಿಟ್ಟಿತು.

ಅಷ್ಟು ಬೀಗಬಾರದಿತ್ತೇನೋ. ಬೀರುವಿನ ಬೆವರಿನಿಂದ ಎದ್ದು ಏಸಿಯ ಕೆಳಗೆ ಬೀಳುವುದು, ಐಸು ಹಾಕಿದ ಕಾಫಿ ಕುಡಿಯುವುದು, ಬೇಗ ಮುಗಿಸುವ ಆಸೆಗೆ ಎರಡು ದಿನದ್ದನ್ನು ಒಂದೇ ದಿನ ಓದುವುದು. ಒಂದು ಬೆಳಿಗ್ಗೆ ಎದ್ದು ‘ಅತ್ತೆ, ಕಾಫಿ ಆಯ್ತಾ’ ಅಂತ ಕೇಳಲು ಬಾಯಿ ತೆರೆದೆ. ಗಾಳಿ ಬಂತು. ಧ್ವನಿ ಬರಲಿಲ್ಲ.

ಗಂಟಲು ಕಟ್ಟುವುದು ಎಲ್ಲರಿಗೂ ಆಗುತ್ತದೆ, ನಿಮಗೂ ಆಗಿರಬಹುದು. ಆದರೆ ನಿಮ್ಮ ಅಂಗಡಿ ಗಂಟಲಿನಲ್ಲಿಲ್ಲ. ಅತ್ತೆ ಮೆಣಸಿನ ಕಷಾಯ ಮಾಡಿದರು. ಲಾನಮ್ಮ ನೆಲ್ಲಿಕಾಯಿ ಗಾತ್ರದ ಪುಟ್ಟ ಕಿತ್ತಳೆಗಳನ್ನು ಕಲ್ಲುಸಕ್ಕರೆ ಹಾಕಿ ಹಬೆಯಲ್ಲಿ ಬೇಯಿಸಿ ತಂದಳು. ಮಾರನೆಯ ದಿನವೂ ಗಾಳಿಯೇ. ಪಕ್ಕದ ದೊಡ್ಡ ಊರಿನ ಗಂಟಲು ಡಾಕ್ಟರ ಹತ್ತಿರ ಹೋದೆವು. ಆತ ನೋಡಿ, ಮೊಬೈಲಿಗೆ ತನ್ನ ಭಾಷೆಯಲ್ಲಿ ಹೇಳಿ, ಅದನ್ನು ನಮ್ಮ ಮುಂದೆ ಹಿಡಿದ. ಮೊಬೈಲು ಕನ್ನಡದಲ್ಲಿ ಗಂಭೀರವಾಗಿ ನುಡಿಯಿತು: “ನಿಮ್ಮ ಹಗ್ಗಗಳು ಊದಿಕೊಂಡಿವೆ. ಎರಡು ವಾರ ಮೌನವನ್ನು ತಿನ್ನಿರಿ.”

“ಮೌನ ತಿನ್ನೋದಲ್ಲಪ್ಪ, ಮೌನವಾಗಿರೋದು” ಅಂತ ಅತ್ತೆ ಮೊಬೈಲನ್ನು ತಿದ್ದಿದರು. ಹಗ್ಗ ಅಂದರೆ ಗಂಟಲಿನ ಧ್ವನಿತಂತು ಅಂತ ನಾವೇ ಊಹಿಸಿಕೊಂಡೆವು. ಬೇರೆ ಸಮಯವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನ್ನ ತಲೆಯಲ್ಲಿದ್ದದ್ದು ಒಂದೇ: ಮುಂದಿನ ಕಥೆಗಳನ್ನು ಕಳಿಸಬೇಕಾದ ದಿನ ಹತ್ತಿರ ಬಂದಿತ್ತು.

ಅವತ್ತು ಸಂಜೆಯಿಂದಲೇ ಮಂಜುನಾಥ್ ಫೋನು ಮಾಡತೊಡಗಿದರು. ಎತ್ತಿ ಏನು ಮಾಡಲಿ? ಬರೆದು ತಿಳಿಸಬಹುದಿತ್ತು. ಅಕ್ಷರ ಒತ್ತುವುದು, ಅಳಿಸುವುದು. ಧ್ವನಿ ಕೊಡುವವಳಿಗೆ ಧ್ವನಿ ಇಲ್ಲ ಅಂತ ಬರೆಯಲು ಬೆರಳೇ ಏಳಲಿಲ್ಲ. ಕೆಲಸ ಬೇರೆಯವರಿಗೆ ಹೋಗುತ್ತದೆ, ಅಣ್ಣನ ಮಾತು ನಿಜವಾಗುತ್ತದೆ ಎಂಬುದು ಹಾಗಿರಲಿ. ಈ ಊತ ಇಳಿದರೂ ಹಳೆಯ ಧ್ವನಿ ಬರದೇ ಹೋದರೆ? ಮದುವೆ ಹೋದಾಗಲೂ ನಾನು ಇಷ್ಟು ಹೆದರಿರಲಿಲ್ಲ. ಆಗ ಕೊನೇಪಕ್ಷ ಜಗಳವಾಡಲು ಧ್ವನಿ ಇತ್ತು.

ನಾಲ್ಕನೆಯದೋ ಐದನೆಯದೋ ಸಲ ಫೋನು ಹೊಡೆದುಕೊಂಡಾಗ ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಫೋನು ನೋಡಿದರು. “ಯಾರದು? ಕಂಪನಿಯೋರಾ?” ಅಂದರು. ಬೇಡ ಬೇಡ ಅಂತ ಕೈ ಆಡಿಸಿದೆ. ಅವರು ಎತ್ತಿಯೇಬಿಟ್ಟರು, ಸ್ಪೀಕರ್ ಹಾಕಿ.

“ನಮಸ್ಕಾರ. ನಾನು ಅವಳ ಸೋದರತ್ತೆ ಮಾತಾಡ್ತಿರೋದು. ಅವಳಿಗೆ ಗಂಟಲು ಕಟ್ಬುಟ್ಟಿದೆ. ಎರಡು ವಾರ ಮಾತಾಡಕೂಡದು ಅಂದಿದಾರೆ ಡಾಕ್ಟರು. ಕೆಲಸ ತಡ ಆಗತ್ತೆ. ಕಾಯಕ್ಕಾದ್ರೆ ಕಾಯ್ರಿ, ಇಲ್ಲಾಂದ್ರೆ ಈಗ್ಲೇ ಹೇಳ್ಬುಡಿ. ಮಗು ಊಟ ಬಿಟ್ಟು ಕೂತಿದೆ.”

ಮಗು ಅಂದರೆ ನಲವತ್ತು ದಾಟಿದ ನಾನು ಅಂತ ಅವರಿಗೆ ಅರ್ಥವಾಯಿತೋ ಇಲ್ಲವೋ.

“ಅಯ್ಯೋ, ಅಷ್ಟೇನಾ ಮೇಡಂ?” ಅಂದರು ಮಂಜುನಾಥ್. “ನಾನು ಫೋನ್ ಮಾಡ್ತಿದ್ದಿದ್ದೇ ಕ್ಷಮೆ ಕೇಳೋಣ ಅಂತ. ಚಿತ್ರ ಬರೆಯೋರು ಇನ್ನೂ ಅರ್ಧ ಕೂಡ ಕೊಟ್ಟಿಲ್ಲ. ಒಂದು ತಿಂಗಳು ತಡ ಆಗತ್ತೆ ಅಂತ ಓದೋ ಮೇಡಂಗೆ ಹೆಂಗಪ್ಪಾ ಹೇಳೋದು, ಕೆಲಸ ಬಿಟ್ಟುಬಿಡ್ತಾರೇನೋ ಅಂತ ನಾನು ಹೆದರ್ಕೊಂಡು ಕೂತಿದೀನಿ. ಆರಾಮಾಗಿ ವಾಸಿಯಾಗ್ಲಿ ಬಿಡಿ.”

ನೋಡಿ, ಆ ಹೊತ್ತಿನ ಸುಖವನ್ನು ಬಣ್ಣಿಸಲು ನನಗೆ ಬರುವುದಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡು, ನೋಡಿದರೆ ಒಳಗೆ ಬರೀ ಹತ್ತಿ ಇದ್ದ ಹಾಗೆ. ನಾನು ಅವರಿಗೆ ಹೆದರಿ ಇಲ್ಲಿ, ಅವರು ನನಗೆ ಹೆದರಿ ಅಲ್ಲಿ. ಎದ್ದು ಅತ್ತೆ ಹಾಕಿಟ್ಟಿದ್ದ ಮೊಸರನ್ನ ಪೂರ್ತಿ ತಿಂದೆ.

ಮಂಜುನಾಥ್ ಅಷ್ಟಕ್ಕೇ ಬಿಡಲಿಲ್ಲ. ಅತ್ತೆಯ ಧ್ವನಿ ಬಹಳ ಚೆನ್ನಾಗಿದೆ, ಕಥೆಗಳಲ್ಲಿ ಬರುವ ಅಜ್ಜಿಯ ಮಾತುಗಳನ್ನು ಅವರೇ ಓದಬಾರದೇಕೆ ಅಂತ ಕೇಳಿದರು. ಅತ್ತೆ ಯೋಚಿಸಲೂ ಇಲ್ಲ. “ಇಷ್ಟು ವರ್ಷ ಮಕ್ಕಳ ಮುಂದೆ ಕಿರುಚಿದ್ದು ಸಾಕು ಕಣ್ರೀ. ಇನ್ನು ಬೀರುವಿನಲ್ಲಿ ಬೇರೆ ಕೂರ್ಲಾ?”

ಆ ಎರಡು ವಾರ ನಾನು ಮೊದಲ ಸಲ ಹೊಯಿ ಆನ್ ನೋಡಿದೆ. ಬೀರುವಿನ ಹೊರಗೆ ಅಷ್ಟೆಲ್ಲ ಇತ್ತು ಅಂತಲೇ ಗೊತ್ತಿರಲಿಲ್ಲ. ಹೊಳೆಯಲ್ಲಿ ಬಲೆ ಎತ್ತುವುದನ್ನು ನೋಡುತ್ತಾ ಕೂರುತ್ತಿದ್ದೆ. ಎದುರುಮನೆಯವರ ಹಾಡು ಕೂಡ, ಶತ್ರುವಲ್ಲ ಅಂತ ಆದ ಮೇಲೆ, ಹಿತವಾಗಿಯೇ ಇತ್ತು, ಅಪಸ್ವರವಿದ್ದರೂ ಸಂಕೋಚವಿರಲಿಲ್ಲ.

ಎರಡು ವಾರ ಮುಗಿದು, ಡಾಕ್ಟರು ಹಗ್ಗಗಳನ್ನು ನೋಡಿ ತಲೆಯಾಡಿಸಿದರು. ಮಾತಾಡಬಹುದು. ನಾನು ಮಾತಾಡಲಿಲ್ಲ. ಬಾಯಿ ತೆಗೆದರೆ ಮತ್ತೆ ಗಾಳಿಯೇ ಬಂದುಬಿಟ್ಟರೆ ಎಂಬ ಭಯ. ಅವತ್ತೆಲ್ಲ ಕೈಸನ್ನೆಯಲ್ಲೇ ಕಳೆದೆ. ಮಾರನೆಯ ಬೆಳಿಗ್ಗೆ ಅತ್ತೆ ಏನನ್ನೂ ಕೇಳದೆ, ಲ್ಯಾಪ್‌ಟಾಪು ತೆರೆದು, ಕನ್ನಡಕ ಹಾಕಿಕೊಂಡು, ನನ್ನ ಮುಂದಿನ ಕಥೆಯನ್ನು ಗಟ್ಟಿಯಾಗಿ ಓದತೊಡಗಿದರು.

“ಒಂದು ಹಲ್ಲಿಯಲ್ಲಿ ಒಂದು ಕೋಲಿ ಇತ್ತು. ಆ ಕೋಲಿ ದಿನಾ ಕಾಲು ತಿನ್ನುತ್ತಿತ್ತು. ಒಂದು ದಿನ ಜೋರು ಮಲೆ ಬಂತು...”

ಕನ್ನಡ ಮೇಷ್ಟ್ರಮ್ಮ! ಲಕಾರ ಳಕಾರ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು! ಕೋಳಿ ಕಾಳು ಬಿಟ್ಟು ಕಾಲು ತಿನ್ನುವುದನ್ನು ಎಷ್ಟು ಹೊತ್ತು ಅಂತ ಸಹಿಸಲಿ?

“ಕೋಲಿ ಅಲ್ಲ ಅತ್ತೆ, ಕೋಳಿ! ಕಾಳು! ಮಳೆ!”

ನನ್ನ ಧ್ವನಿಯೇ. ಸ್ವಲ್ಪ ಒರಟಾಗಿ, ಒಂದು ಮೆಟ್ಟಿಲು ಕೆಳಗಿಳಿದು, ಆದರೆ ನನ್ನದೇ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಸದ್ಯ. ಇನ್ನೊಂದು ಪುಟ ಹೀಗೇ ಓದ್ಬೇಕಾಗಿದ್ರೆ ನನಗೇ ಗಂಟಲು ಕಟ್ಟೋದು” ಅಂದರು. ಕೆಳಗಿನಿಂದ ಲಾನಮ್ಮ ಓಡಿಬಂದು, ನಾವಿಬ್ಬರೂ ನಗುತ್ತಿರುವುದು ನೋಡಿ ತಾನೂ ನಕ್ಕಳು.

ಕಥೆಗಳು ಮುಗಿದವು. ಆ ದುಡ್ಡಿನಲ್ಲೇ ಊರು ಮುಟ್ಟಿದೆವು. ಆಮೇಲೆಯೂ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಮೂಲೆಗಳಲ್ಲಿ ಕೂತು ಓದಿದ್ದೇನೆ. ಅಣ್ಣ ಈಗ ಏನೂ ಹೇಳುವುದಿಲ್ಲ. ಅವನ ಮೊಮ್ಮಗಳು ಆ ಕೋಳಿ ಕಥೆ ಹಾಕದಿದ್ದರೆ ಊಟ ಮಾಡುವುದಿಲ್ಲವಂತೆ.

ನಾನು ಈಗ ಮೈಸೂರಿನ ಬೋಗಾದಿಯಲ್ಲಿ ಬಾಡಿಗೆಗಿದ್ದೇನೆ. ಸುತ್ತ ಮನೆ ಕಟ್ಟುವ ಸದ್ದು. ಹೋದ ವಾರ ಹೊಸ ಕಂಪನಿಯೊಂದರವರು ತುರ್ತು ಅಂತ ಕೇಳಿದಾಗ, ಪಕ್ಕದ ಸೈಟಿನಲ್ಲಿ ತಾರಸಿ ಹಾಕುತ್ತಿದ್ದಾರೆ, ಶುಕ್ರವಾರದವರೆಗೆ ಆಗುವುದಿಲ್ಲ ಅಂದೆ. ಸರಿ ಮೇಡಂ ಅಂದರು, ಮುಗಿಯಿತು. ಇಷ್ಟು ಸುಲಭದ ಮಾತನ್ನು ಕಲಿಯಲು ನಾನು ಕಡಲು ದಾಟಬೇಕಾಯಿತು.

ಇನ್ನೊಂದು ಅಭ್ಯಾಸವೂ ಉಳಿದುಕೊಂಡಿದೆ. ಸೋಮವಾರ ನಾನು ಮಾತಾಡುವುದಿಲ್ಲ. ವ್ರತವಲ್ಲ, ಹಗ್ಗಗಳಿಗೆ ರಜೆ. ಹಾಲಿನವರಿಗೂ ಓನರಮ್ಮನಿಗೂ ಇದು ಗೊತ್ತು. ಇವತ್ತು ಸೋಮವಾರ, ಅದಕ್ಕೇ ನಿಮ್ಮ ಜೊತೆ ಹೀಗೆ ಬರೆದು ಹರಟುತ್ತಿದ್ದೇನೆ. ಇನ್ನು ನಿಲ್ಲಿಸಬೇಕು. ಕೆಳಗೆ ಆಟೋ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಅತ್ತೆಯ ದನಿ ಆಗಲೇ ಶುರುವಾಗಿದೆ. ವಾರಕ್ಕೊಮ್ಮೆ ತಪ್ಪದೆ ಇದೇ ದಿನ ಬರುತ್ತಾರೆ. ಯಾಕೆ ಅಂತ ಒಮ್ಮೆ ಚೀಟಿಯಲ್ಲಿ ಬರೆದು ಕೇಳಿದ್ದೆ.

“ನೀನು ಎದುರು ಮಾತಾಡದೆ ಇರೋ ದಿನ ಇದೊಂದೇ ಕಣೇ” ಅಂದಿದ್ದರು.