ಉಪವಾಸಕ್ಕೆ ನಡೆಯುವ ಚಹಾ

ಟ್ರುಗನಿನಾ ಎಂಬ ಊರಿನ ನಮ್ಮ ವೇರ್‌ಹೌಸಿನಲ್ಲಿ ಆಫೀಸಿಗೆ ಹದಿನಾಲ್ಕು ಮೆಟ್ಟಿಲು. ಅಂದು ಏಳನೆಯದರಲ್ಲಿ ನಿಂತುಬಿಟ್ಟೆ.

ಉಸಿರು ಸಿಗಲಿಲ್ಲ. ಎದೆಯ ಮೇಲೆ ಯಾರೋ ಕೈಯಿಟ್ಟು ಒತ್ತಿದ ಹಾಗೆ. ಕೆಳಗೆ ದಿನವಿಡೀ ಖಾರದಪುಡಿ ಪ್ಯಾಕ್ ಮಾಡುತ್ತೇವೆ. ಅದರ ಘಾಟೇ ಇರಬೇಕೆಂದು ನಾನೇ ತೀರ್ಮಾನಿಸಿದೆ. ವಿಮಾನ ಹತ್ತಿ ಹೋಗಬೇಕಾದ ಸಿಡ್ನಿಯ ಗಿರಾವೀನ್‌ನಲ್ಲಿ ಮಗಳು ಸ್ನೇಹಾಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ನಾನು ಹೋಗಲೇಬೇಕು. ನಡುವೆ ನನಗೆ ರೋಗಗೀಗ ಬರುವಂತಿರಲಿಲ್ಲ.

ನಮ್ಮ ಮನೆಯವರು ಬಿಡಲಿಲ್ಲ, ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದರು. ಇಸಿಜಿ ನಾರ್ಮಲ್. ಗೆದ್ದೆ ಎಂದು ಎದ್ದವಳನ್ನು ಡಾಕ್ಟರ್ ಮತ್ತೆ ಕೂರಿಸಿದರು. ಇಸಿಜಿ ತೋರಿಸುವುದು ಹೃದಯದ ಕರೆಂಟನ್ನು ಮಾತ್ರ, ಅದೂ ಮಲಗಿದ್ದಾಗ. ಪಂಪು, ವಾಲ್ವು ನೋಡಲು ಎಕೋ ಬೇಕು. ಶ್ವಾಸಕೋಶಕ್ಕೆ ಸ್ಪೈರೊಮೆಟ್ರಿ. ಶ್ರಮವಾದಾಗ ಹೃದಯಕ್ಕೆ ರಕ್ತ ಸಾಕಷ್ಟು ತಲುಪುತ್ತದೆಯೇ ಎಂದು ತಿಳಿಯಲು ಸ್ಟ್ರೆಸ್ ಟೆಸ್ಟ್. ಅವೆಲ್ಲ ಮುಗಿಯುವತನಕ ಭಾರ ಎತ್ತುವಂತಿಲ್ಲ, ವಿಮಾನ ಹತ್ತುವಂತಿಲ್ಲ.

ಎಕೋ ಸರಿಯಿತ್ತು. ಸ್ಪೈರೊಮೆಟ್ರಿಗೆ ಮೂಗಿಗೆ ಕ್ಲಿಪ್ ಹಾಕಿ ಕೊಳವೆಯೊಂದರಲ್ಲಿ ಊದಿಸಿದರು. “ಬ್ಲೋ, ಬ್ಲೋ, ಕೀಪ್ ಗೋಯಿಂಗ್!” ಎಂದು ಟೆಕ್ನಿಷಿಯನ್ ಹುರಿದುಂಬಿಸುತ್ತಿದ್ದಳು. ಹಸಿ ಕಟ್ಟಿಗೆಯ ಒಲೆ ಊದಿ ಬೆಳೆದವಳು ನಾನು. ರಿಪೋರ್ಟ್ ಚೆನ್ನಾಗಿಯೇ ಬಂತು.

ಹಾಗಾದರೆ ತಪ್ಪು ಖಾರದಪುಡಿಯದಲ್ಲ.

ಉಳಿದದ್ದು ಸ್ಟ್ರೆಸ್ ಟೆಸ್ಟ್. ನನ್ನ ಮೊಣಕಾಲು ಟ್ರೆಡ್‌ಮಿಲ್‌ಗೆ ಒಪ್ಪದು. ಓಡಿಸುವ ಬದಲು ಔಷಧ ಕೊಟ್ಟು ಸ್ಕ್ಯಾನ್ ಮಾಡುತ್ತಾರಂತೆ. ಕೊಟ್ಟ ಹಾಳೆಯಲ್ಲಿ ‘ಫಾಸ್ಟಿಂಗ್’ ಎಂದು ಕಂಡದ್ದೇ ಮಡಚಿಟ್ಟೆ. ಮದುವೆಯಾದಾಗಿನಿಂದ ಒಂದೂ ಏಕಾದಶಿ ತಪ್ಪಿಸದ ಧಾರವಾಡದವಳಿಗೆ ಉಪವಾಸ ಹೇಳಿಕೊಡಬೇಕೇ?

ಟೆಸ್ಟಿನ ದಿನ ಏನಾದರೂ ತಿಂದಿದ್ದೀರಾ ಎಂದು ನರ್ಸ್ ಕೇಳಿದಳು. “ನಥಿಂಗ್,” ಎಂದೆ. ಸೂಜಿ ಹಿಡಿದು ಇನ್ನೊಮ್ಮೆ ಕೇಳಿದಳು: ಟೀ, ಕಾಫಿ?

“ಓನ್ಲಿ ಟೀ,” ಎಂದೆ ಹೆಮ್ಮೆಯಿಂದ. “ಟೂ ಕಪ್ಸ್.”

ಟೆಸ್ಟ್ ರದ್ದಾಯಿತು.

ಚಹಾದ ಕೆಫೀನ್ ಆ ಔಷಧಕ್ಕೆ ಕೆಲಸ ಮಾಡಲು ಬಿಡುವುದಿಲ್ಲವಂತೆ. ಹಿಂದಿನ ದಿನದಿಂದಲೇ ಬಿಡಬೇಕಿತ್ತು; ಹಾಳೆಯಲ್ಲಿ ಅದೂ ಬರೆದಿತ್ತು. ಇನ್ನು ಮೂರು ವಾರ ಕಾಯಬೇಕು.

“ಚಹಾ ಉಪವಾಸಕ್ಕ ನಡೀತದಲ್ರೀ,” ಎಂದೆ ಕಾರಿನಲ್ಲಿ.

“ದೇವರಿಗೆ ನಡೀತದ, ಮಷೀನಿಗೆ ನಡ್ಯಂಗಿಲ್ಲ,” ಎಂದರು ಮನೆಯವರು. ಇಬ್ಬರೂ ನಗಲಿಲ್ಲ.

ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ‘ನನಗೇನಾಗಿಲ್ಲ’ ಎನ್ನುವುದನ್ನೇ ಇಷ್ಟು ವರ್ಷ ಗಟ್ಟಿತನವೆಂದುಕೊಂಡಿದ್ದೆ, ಅದೇ ಈಗ ಮಗಳ ಹತ್ತಿರ ಹೋಗುವ ದಾರಿಗೆ ಅಡ್ಡ ನಿಂತಿತ್ತು. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಅಮ್ಮಾ, ಪ್ಲೀಸ್, ರೀಡ್ ದ ಹೋಲ್ ಶೀಟ್,” ಎಂದಳು.

ಓದಿದೆ, ಎರಡು ಸಲ. ಈ ಬಾರಿ ಎರಡು ದಿನ ಮೊದಲೇ ಚಹಾ ಬಿಟ್ಟೆ. ತಲೆ ಸಿಡಿಯಿತು. ಮನೆಯವರೂ ನನ್ನ ಜೊತೆ ಬಿಟ್ಟು, ಸುಮ್ಮಸುಮ್ಮನೆ ಸಿಡುಕುತ್ತ ಓಡಾಡಿದರು.

ಟೆಸ್ಟಿನಲ್ಲಿ ಹೃದಯದ ಒಂದು ಭಾಗಕ್ಕೆ ರಕ್ತ ಸಾಲುತ್ತಿಲ್ಲವೆಂದು ಕಂಡಿತು; ಒಂದು ರಕ್ತನಾಳ ಕಿರಿದಾಗಿತ್ತು.

ಮುಂದಿನ ವಾರ ಮಣಿಕಟ್ಟಿನ ಮೂಲಕ, ಆ ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದರು. ಅಲ್ಲಿನ ಗಾಯ ಮಾಯುವ ಮೊದಲೇ ಸ್ನೇಹಾಳ ಹೆರಿಗೆಯಾಯಿತು. ಹೆಣ್ಣುಮಗು. ಫೋನಿನಲ್ಲಿ ನೋಡಿದೆ; ಹತ್ತಿರವಿರಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ. ಡಾಕ್ಟರ್ ವಿಮಾನಕ್ಕೆ ಹ್ಞೂಂ ಎಂದಾಗ ಕೂಸಿಗೆ ಹದಿನೆಂಟು ದಿನ.

ಸ್ನೇಹಾಳ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನಿಧಾನಕ್ಕೆ ಹತ್ತಿದೆ. ಏಳನೆಯ ಮೆಟ್ಟಿಲು ದಾಟಿತು, ಹದಿನಾಲ್ಕನೆಯದೂ ದಾಟಿತು. ಎದೆ ಸುಮ್ಮನಿತ್ತು, ಕಾಲು ಮಾತ್ರ ಸೋತಿತ್ತು. ಬಾಗಿಲಲ್ಲೇ ಅವಳು ಕೂಸನ್ನು ನನ್ನತ್ತ ಚಾಚಿದಳು.

“ಆರ್ ಯು ಟೈಯರ್ಡ್, ಅಮ್ಮಾ?”

ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಹ್ಞೂಂ, ದಣಿವಾಗೇದ. ಮೊದಲ ಕೂಡ್ತೀನಿ, ಆಮ್ಯಾಲೆ ಕೊಡು.”

ಕುರ್ಚಿಯಲ್ಲಿ ಕೂತು, ಉಸಿರು ಎಳೆದುಕೊಂಡು, ಎರಡೂ ಕೈ ಚಾಚಿದೆ.