ಖಣದ ಹೊದಿಕೆಯ ಕೆಳಗಿನ ಆಟ

ಆ ಭಾನುವಾರ ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ಮಾಳಿಗೆಯ ಮೇಲೆ ಬಿದ್ದ ಕರಿ ಬೂದಿ ಗುಡಿಸಿದೆ; ಕಬ್ಬು ಅರೆಯುವ ದಿನಗಳಲ್ಲಿ ಮುಧೋಳದ ಮಾಳಿಗೆಗಳ ಮೇಲೆಲ್ಲ ಕಾರ್ಖಾನೆಯ ಬೂದಿಯೇ. ಹಾಲು ಕಾಸಿದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಮಾವನವರ ಸ್ವೆಟರಿಗೆ ಗುಂಡಿ ಹಚ್ಚಿದೆ. ಬಟ್ಟೆ ಒಗೆದು, ಬೂದಿ ಬೀಳದ ಮೂಲೆ ಹುಡುಕಿ ಒಣಹಾಕಿದೆ. ಬದನೆಕಾಯಿ ಸೀಳಿ ಉಪ್ಪುನೀರಿಗೆ ಬಿಟ್ಟೆ. ಇವುಗಳ ನಡುನಡುವೆ ಮನೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದೆ.

ಕೊನೆಯದು ನನ್ನ ನಿತ್ಯದ ಕೆಲಸವಲ್ಲ. ಹೈಸ್ಕೂಲಿನ ಆಫೀಸಿನಲ್ಲಿ ಕ್ಲಾರ್ಕ್ ಆಗಿರುವ ನಾನು, ಅಲ್ಲಿಯ ಕಂಪ್ಯೂಟರ್ ರಿಪೇರಿಗೆ ಬಂದವರ ಹಿಂದೆ ನಿಂತು ನೋಡಿ ನೋಡಿ ಅಷ್ಟಿಷ್ಟು ಕಲಿತಿದ್ದೆ. ನಮ್ಮ ಪಡಸಾಲೆಯ ಡೆಸ್ಕ್‌ಟಾಪಂತೂ ಮುದಿಯಾಗಿತ್ತು. ಅದಕ್ಕೆ ಹಳೆಯ ಖಣದ ಬಟ್ಟೆಯಲ್ಲಿ ಹೊಲಿದ ಹೊದಿಕೆ, ಡಬ್ಬಿಯ ನೆತ್ತಿಯ ಮೇಲೆ ಖಂಡೇನವಮಿಯ ಕುಂಕುಮ. ಚಾಲೂ ಮಾಡಿ ಹೋಗಿ ನಾಲ್ಕು ರೊಟ್ಟಿ ಬಡಿದು ಬಂದರೂ ಅದರ ಚಕ್ರ ತಿರುಗುತ್ತಲೇ ಇರುತ್ತಿತ್ತು. ಶುಕ್ರವಾರದಿಂದ ತನ್ನಷ್ಟಕ್ಕೆ ತಾನೇ ಬಂದ್ ಆಗಿ ಚಾಲೂ ಆಗತೊಡಗಿತು. ಸೋಮವಾರ ನಮ್ಮವರಿಗೆ ಅದರಲ್ಲಿ ಆಫೀಸಿನ ಕೆಲಸವಿತ್ತು. ಇನ್ನು ತಡಮಾಡುವಂತಿರಲಿಲ್ಲ.

ಶನಿವಾರ ಊಟಕ್ಕೆ ಕೂತಾಗ ಎಲ್ಲರನ್ನೂ ಕೇಳಿದೆ: "ನಾಳೆ ಎಲ್ಲಾ ಅಳಿಸಿ ಹೋಗತೈತಿ. ಯಾರದು ಏನು ಉಳಿಸಬೇಕು, ಈಗ ಹೇಳಿಬಿಡ್ರಿ."

ನಮ್ಮವರು ಫೋಟೋ ಎಂದರು. ಮಾವನವರು ತಾವು ಇಳಿಸಿಕೊಂಡಿದ್ದ ಭಜನಿ ಪದಗಳು ಎಂದರು. ಅತ್ತೆಯವರು ಸಾರಿನ ಸೌಟು ಎತ್ತಿ, "ನಂದೇನೈತಿ ಅದರಾಗ? ನಾ ಬರೇ ಧೂಳಾ ಒರಸತೇನಿ" ಎಂದರು.

ನಾನು ತಲೆ ಬಗ್ಗಿಸಿ ರೊಟ್ಟಿ ಮುರಿದೆ. ಈ ಧೂಳಿನ ಕತೆ ಸ್ವಲ್ಪ ಹೇಳಬೇಕು.

ನಮ್ಮ ಮನೆಯಲ್ಲಿ ಇಸ್ಪೀಟ್ ಎಲೆಗೆ ಪ್ರವೇಶವಿಲ್ಲ. ಮದುವೆಯಾದ ಹೊಸದರಲ್ಲಿ ಮಾವನವರು ಗೆಳೆಯರನ್ನು ಕಟ್ಟಿಕೊಂಡು ಅಟ್ಟದ ಮೇಲೆ ಆಡುತ್ತಿದ್ದರಂತೆ. ಒಂದು ದಿನ ಅತ್ತೆಯವರು ಇಡೀ ಕಟ್ಟನ್ನು ಜಳಕದ ಹಂಡೆಯ ಒಲೆಗೆ ಹಾಕಿದರು. "ರಾಜಾ ರಾಣಿ ಸುಟ್ಟ ನೀರಾಗ ಜಳಕಾ ಮಾಡಿದಾಂವ ಈ ಊರಾಗ ನಾನೊಬ್ಬನ" ಎಂದು ಮಾವನವರು ಇವತ್ತಿಗೂ ಬಂದವರ ಮುಂದೆ ಹೇಳುತ್ತಾರೆ.

ಅಂಥ ಅತ್ತೆಯವರು ಹೋದ ಮಳೆಗಾಲದಲ್ಲಿ ಹೊಸ್ತಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಬೆರಳು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದರು. ನಾನು ಅವರ ಕೈಗೆ ಮೌಸ್ ಕೊಟ್ಟು, ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಎಲೆಯಾಟ ತೆಗೆದು ಕೂರಿಸಿದೆ. ರಾಜನ ಕೆಳಗೆ ರಾಣಿ, ರಾಣಿಯ ಕೆಳಗೆ ಗುಲಾಮ, ಒಂದು ಕೆಂಪು ಒಂದು ಕರಿ. ಮುಟ್ಟದೇ ಆಡುವುದು ಇಸ್ಪೀಟ್ ಅಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡರು. ಕೈ ನೆಟ್ಟಗಾಯಿತು, ಆಟ ಮಾತ್ರ ಬಿಡಲಿಲ್ಲ. ಮಧ್ಯಾಹ್ನ ಮಾವನವರು ಪಡಸಾಲೆಯ ಮಂಚದ ಮೇಲೆ ಮಲಗಿದ ಮೇಲೆ, ಒರಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋಗಿ ಖಣದ ಹೊದಿಕೆ ಸರಿಸುವರು. ಯಾರಾದರೂ ಬಂದರೆ ಕೀಬೋರ್ಡು ಒರಸುವರು. ನಮಗೆಲ್ಲ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಅವರು ಬಾಯಿಬಿಟ್ಟದ್ದು ಒಬ್ಬರ ಮುಂದೆ ಮಾತ್ರ: ಸಾವಳಗಿಯಲ್ಲಿರುವ ಅವರ ನಾದಿನಿ, ಅಂದರೆ ಮಾವನವರ ತಂಗಿ. ಆಕೆ ಅದೇ ಆಟವನ್ನು ಮೊಬೈಲಿನಲ್ಲಿ ಆಡುತ್ತಾರೆ. ಅತ್ತೆಯವರು ಫೋನಿನಲ್ಲಿ ದನಿ ತಗ್ಗಿಸಿ, ಸೋಲದೇ ಸಾಲಾಗಿ ಇಷ್ಟು ಆಟ ಗೆದ್ದೆ ಎಂದು ಹೇಳುವುದನ್ನು ನಾನು ಅಡುಗೆಮನೆಯಿಂದ ಕೇಳಿದ್ದೆ. ಆ ಲೆಕ್ಕವನ್ನು ಕಂಪ್ಯೂಟರೇ ಪರದೆಯ ಮೇಲೆ ಬರೆದಿಡುತ್ತಿತ್ತು. ನಾದಿನಿ ನಂಬಿರಲಿಲ್ಲ. "ನಾ ಬಂದಾಗ ತೋರಸ್ರಿ ವೈನಿ. ಕಣ್ಣಿಲೆ ನೋಡೇ ನಂಬತೇನಿ."

ಅದಕ್ಕೇ ಶನಿವಾರ ಫೋಟೋ, ಭಜನೆಗಳ ಜೊತೆಗೆ, ಅತ್ತೆಯವರ ಆಟವನ್ನೂ ಸದ್ದಿಲ್ಲದೆ ಪೆನ್‌ಡ್ರೈವಿಗೆ ಹಾಕಿಕೊಂಡೆ. ಪರದೆಯ ಮೇಲಿದ್ದ ಎಲೆಗಳ ಚಿತ್ರವನ್ನೇ ಹಿಡಿದು ಎಳೆದು ಬಿಟ್ಟೆ. ತಟ್ಟನೆ ಆಯಿತು. ಅಷ್ಟು ತಟ್ಟನೆ ಆದದ್ದಕ್ಕೆ ಅನುಮಾನ ಬರಬೇಕಿತ್ತು.

ಭಾನುವಾರ ಬಟ್ಟೆ ಒಣಹಾಕಿ ಬಂದು ಕೂತೆ. ಹೊಸ ಸಿಸ್ಟಮ್ ತುಂಬಿದ ಇನ್ನೊಂದು ಪೆನ್‌ಡ್ರೈವ್ ಚುಚ್ಚಿ, ಚಾಲೂ ಆಗುವಾಗ ಒತ್ತಬೇಕಾದ ಗುಂಡಿಯನ್ನು ಟಕಟಕ ಒತ್ತಿದೆ. ಭಾಷೆ ಕೇಳಿತು, ಹೇಳಿದೆ. ಯಾವ ಡಿಸ್ಕ್ ಎಂದು ಕೇಳಿತು. ಹಳೆಯದನ್ನೆಲ್ಲ ಅಳಿಸಲೇ ಎಂದು ಕೇಳಿದಾಗ ಒಂದು ಸಲ ಕೈ ತಡೆಯಿತು. ಆಮೇಲೆ ಹೂಂ ಎಂದೆ. ಕರೆಂಟ್ ಹೋಗಬಾರದೆಂದು ಮಿಕ್ಸರ್ ಹಚ್ಚಬೇಡಿರೆಂದು ಹೇಳಿದ್ದೆ. ಅತ್ತೆಯವರು ಗೊಣಗುತ್ತ ಶೇಂಗಾವನ್ನು ಕಲ್ಲಿನಲ್ಲೇ ಕುಟ್ಟಿದರು.

ಬಿಳಿ ಅಂಕಿ ನಿಧಾನಕ್ಕೆ ಏರುತ್ತಿರುವಾಗಲೇ ಅವರ ಫೋನ್ ಬಡಿಯಿತು. ಸ್ಪೀಕರಿನಲ್ಲಿ ಸಾವಳಗಿಯ ದನಿ:

"ವೈನಿ, ಜಮಖಂಡಿಗೆ ಬಂದು ಇಳದೇನಿ. ಸೀತನಿ ತಗೊಂಡು ಬರಾಕತ್ತೇನಿ. ನಿಮ್ಮ ಗೆಲುವು ತಯಾರ ಇಡ್ರಿ!"

ಅತ್ತೆಯವರು ಸ್ಪೀಕರ್ ಆರಿಸಲು ತಡಕಾಡಿದರು. ಮಾವನವರು ಪೇಪರ್ ಹಿಂದಿನಿಂದ ಅಲುಗಲಿಲ್ಲ.

ಅಂಕಿ ನೂರು ಮುಟ್ಟಿತು. ಬಂದ್ ಆಯಿತು, ಚಾಲೂ ಆಯಿತು. ಎಂಥ ಸ್ವಚ್ಛ ಪರದೆ! ಸಾರಿಸಿದ ಅಂಗಳದ ಹಾಗೆ. ವೈಫೈ ಹಚ್ಚಿದೆ, ಪ್ರಿಂಟರ್ ಕೂಡಿಸಿದೆ, ಫೋಟೋ ಇಳಿಸಿದೆ, ಭಜನೆ ಒಂದು ಚೂರು ಬಾರಿಸಿ ನೋಡಿದೆ. ಕೊನೆಗೆ ಎಲೆಗಳ ಚಿತ್ರ ಇಟ್ಟು ಒತ್ತಿದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಹುಡುಕಿ, ಅಂಥದ್ದು ಇಲ್ಲಿ ಇಲ್ಲ ಎಂದಿತು.

ಆಗ ತಿಳಿಯಿತು. ನಾನು ತಂದದ್ದು ಆಟವನ್ನಲ್ಲ, ಆಟಕ್ಕೆ ಹೋಗುವ ದಾರಿ ತೋರಿಸುವ ಚಿತ್ರವನ್ನು ಮಾತ್ರ. ಅಂಗಡಿಯ ಬೋರ್ಡು ಬಿಚ್ಚಿಕೊಂಡು ಬಂದು, ಅಂಗಡಿಯನ್ನು ಅಲ್ಲೇ ಬಿಟ್ಟು ಕೆಡವಿಸಿದ್ದೆ. ಹೊಸ ಆಟ ಇಳಿಸಬಹುದಿತ್ತು, ಆದರೆ ಅದರ ಲೆಕ್ಕ ಸೊನ್ನೆಯಿಂದ.

ಅತ್ತೆಯವರು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತರು.

"ಎಲ್ಲಾ ಬಂತೇನ?"

"ಫೋಟೋ ಬಂದುವು. ಭಜನಿ ಬಂದುವು."

"ಎಲ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಪೇಪರಿನ ಹಿಂದಿನಿಂದ ಮಾವನವರು ಹೇಳಿದರು: "ಧೂಳಾ ಒಂದ ಬಂದಿಲ್ಲ, ನೋಡು."

ಅತ್ತೆಯವರು ಗಂಡನ ಕಡೆ ನೋಡಿದರು, ಪರದೆಯ ಕಡೆ ನೋಡಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, "ಆಕಿ ಬಸ್ ಹತ್ತ್ಯಾಳ" ಎಂದಷ್ಟೇ ಹೇಳಿ ಒಳಗೆ ಹೋದರು. ಬಯ್ದಿದ್ದರೆ ಸರಳವಿತ್ತು.

ಹಾದಿಗುಂಟ ಕಬ್ಬಿನ ಟ್ರ್ಯಾಕ್ಟರುಗಳು. ಬಸ್ಸು ತಡವಾಗಿ ಬಂತು. ನಮ್ಮವರು ಸ್ಟ್ಯಾಂಡಿನಿಂದ ಗಾಡಿಯ ಮೇಲೆ ಕರೆದುಕೊಂಡು ಬಂದರು. ನಾದಿನಿ ಕೈಕಾಲು ತೊಳೆದು, ಎಳೆ ಜೋಳದ ಸೀತನಿಯ ಗಂಟು ನನ್ನ ಕೈಗಿಟ್ಟು, ಸೀದಾ ಕಂಪ್ಯೂಟರಿನ ಮುಂದೆ ಕೂತರು.

"ಎಲ್ಲೈತಿ ತೋರಸ್ರಿ."

"ಅಳಿಸಿ ಹೋತು ಬೇ" ಎಂದರು ಅತ್ತೆಯವರು.

"ಯಾವಾಗ?"

"ಇವತ್ತ."

"ಇವತ್ತ? ನಾ ಬಸ್ ಹತ್ತಿದ ಮ್ಯಾಲ?" ನಾದಿನಿ ಚಪ್ಪಾಳೆ ತಟ್ಟಿ ನಕ್ಕರು. "ಆಹಾಹಾ! ಛಲೋ ಮುಹೂರ್ತ ನೋಡೀರಿ ವೈನಿ!"

"ಖರೆ ಇತ್ತು."

"ಇದ್ದೀತು, ಇದ್ದೀತು. ನಾನೂ ಮೊನ್ನೆ ನೂರು ಆಟ ಗೆದ್ದೇನಿ, ಮೊಬೈಲ್ ನೀರಾಗ ಬಿತ್ತು."

ಅತ್ತೆಯವರು ನಗಲು ನೋಡಿದರು, ಆಗಲಿಲ್ಲ. ಗಲ್ಲ ಕೆಂಪಗಾಗಿತ್ತು. ಆಟ ಹೋದದ್ದಕ್ಕಿಂತ ಸುಳ್ಳಿ ಎನಿಸಿಕೊಂಡದ್ದು ನಟ್ಟಿತ್ತು. ನಾನೇ ಅಳಿಸಿದ್ದು ಎಂದು ಹೇಳಿದೆ. "ಸೊಸಿ ಸಾಕ್ಷಿ ನಡ್ಯಂಗಿಲ್ಲ" ಎಂದರು ನಾದಿನಿ.

"ಇತ್ತು. ನಾ ನೋಡೇನಿ" ಎಂದರು ಮಾವನವರು, ಪೇಪರ್ ಮಡಚಿ. "ದಿನಾ ಮಧ್ಯಾಹ್ನ ನೋಡತೇನಿ. ಮಂಚದ ಮುಂದಿನ ಶೋಕೇಸಿನ ಗಾಜಿನ್ಯಾಗ ಪರದೆ ಪೂರಾ ಕಾಣತೈತಿ."

"ಹಂಗಾರ ನೀವು ಮಲಗಿದ್ದು?" ಎಂದರು ಅತ್ತೆಯವರು.

"ಮಲಗಿದ್ರ ಎಲಿ ಹೆಂಗ ಕಾಣಬೇಕು?"

"ಗಂಡನ ಸಾಕ್ಷಿ ಅಂತೂ ನಡ್ಯಂಗೇ ಇಲ್ಲ" ಎಂದರು ತಂಗಿ.

ಮಾವನವರು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದಾಯಿತು. ಬರುವಾಗ ಕೈಯಲ್ಲಿ ಹಳೆಯ ಮಫ್ಲರಿನಲ್ಲಿ ಸುತ್ತಿದ ಇಸ್ಪೀಟಿನ ಹೊಸ ಕಟ್ಟು. ಮೇಲಿನ ಕಾಗದ ಕೂಡ ಹರಿದಿರಲಿಲ್ಲ.

ಅತ್ತೆಯವರ ಕಣ್ಣುಗಳು ಅಗಲವಾದವು. "ಇದು ಯಾವಾಗ ಬಂತ್ರಿ ಮನಿಗೆ?"

"ನಿನ್ನ ಧೂಳಾ ಒರಸೂದು ಚಾಲೂ ಆದ ಮ್ಯಾಲ. ಇವತ್ತ ಕರೀತಿ, ನಾಳೆ ಕರೀತಿ ಅಂತ ಕಾದೇನಿ. ನೀ ಒಬ್ಬಾಕಿನ ಆಡಿದಿ."

ಅತ್ತೆಯವರು ಕಟ್ಟು ಕೈಗೆ ತೆಗೆದುಕೊಂಡು, "ಜಮಖಾನಿ ಹಾಸವಾ" ಎಂದು ನನಗೆ ಹೇಳಿದರು.

ಮೌಸ್ ಹಿಡಿದೇ ಕಲಿತ ಅತ್ತೆಯವರ ಕೈಗೆ ಎಲೆ ಕಲಸಲು ಬರಲಿಲ್ಲ, ನಾದಿನಿಯೇ ಕಲಸಿದರು. ಪರದೆಯ ಮೇಲೆ ಇದ್ದ ಹಾಗೇ ಅತ್ತೆಯವರು ಸಾಲು ಹಚ್ಚಿದರು. ಮೊದಮೊದಲು ಅಳುಕಿ, ಆಮೇಲೆ ಸರಸರನೆ. ಕೆಂಪು ರಾಣಿ ಕರಿ ರಾಜನ ಮೇಲೆ, ಕರಿ ಗುಲಾಮ ಅದರ ಮೇಲೆ. ಒಮ್ಮೆ ತಪ್ಪಿತು. ಕೈ ಗಾಳಿಯಲ್ಲಿ ನಿಂತಿತು.

"ಹಿಂದಕ್ಕ ಹೋಗೂ ಗುಂಡಿ ಎಲ್ಲೈತಿ?"

"ಇಲ್ಲೆ ಗುಂಡಿ ಇಲ್ಲ ವೈನಿ! ಮಾಡಿದ್ದು ಮಾಡಿದ್ದ!"

ಈ ಸಲ ಅತ್ತೆಯವರೂ ನಕ್ಕರು. ಆದರೂ ಕಣ್ಣು ಎಲೆ ಬಿಡಲಿಲ್ಲ. ನಾದಿನಿ ಆ ಬೆರಳುಗಳನ್ನೇ ನೋಡುತ್ತಿದ್ದರು. ತಾವು ಹುಡುಕುವ ಎಲೆಯನ್ನು ವೈನಿ ಮೊದಲೇ ಎತ್ತಿ ಇಟ್ಟಿರುತ್ತಿದ್ದರು.

"ಬಿಡ್ರಿ, ನಂಬಿದೆ. ಇಷ್ಟು ಲಗೂ ನನಗ ಕಾಣಂಗೂ ಇಲ್ಲ" ಎಂದರು ನಾದಿನಿ.

"ತಡಿ ಬೇ. ಇನ್ನ ಮುಗದಿಲ್ಲ."

ಆ ಆಟ ಮುಗಿಯಲಿಲ್ಲ. ಒಂದು ಎಕ್ಕಾ ಕೆಳಗೇ ಸಿಕ್ಕಿಬಿದ್ದಿತ್ತು. ಅದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ನಮ್ಮವರನ್ನೂ ಕರೆದು ನಾಲ್ವರು ಜೋಡಿ ಕಟ್ಟಿ ಕೂತರು, ಮಾವನವರ ಜೋಡಿ ಅತ್ತೆಯವರು. ನಾನು ಸೀತನಿ ಹುರಿಯುತ್ತ ಅಡುಗೆಮನೆಯಿಂದ ಗದ್ದಲ ಕೇಳಿದೆ. ಕಂಪ್ಯೂಟರ್ ಈಗ ಎಷ್ಟು ಚುರುಕಾಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಆಟ ಮುಗಿದ ಮೇಲೆ ಅತ್ತೆಯವರು ಕಟ್ಟನ್ನು ಎರಡು ಸಲ ಎಣಿಸಿ ನೋಡಿ, ಖಣದ ಹೊದಿಕೆ ಎತ್ತಿ, ಕಂಪ್ಯೂಟರಿನ ಪಕ್ಕ ಇಟ್ಟು ಮುಚ್ಚಿದರು. "ಛಲೋ ಜಾಗಾ. ಹಂಡೇದ ಒಲಿಗೆ ದೂರ ಐತಿ" ಎಂದರು ಮಾವನವರು.

ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಲ್ಲಿನಲ್ಲಿ ಕುಟ್ಟಿದ ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಳಿದ ಸೀತನಿ ಬೆಲ್ಲದ ಜೊತೆ. ಎಲ್ಲರಿಗಿಂತ ಮೊದಲು ಮಲಗಿದವರು ಮಾವನವರು, ಅದೇ ಮಂಚದ ಮೇಲೆ, ಶೋಕೇಸಿನ ಕಡೆ ಮುಖ ಮಾಡಿ. ಅತ್ತೆಯವರು ಹತ್ತಿರ ಹೋಗಿ ಬಗ್ಗಿ ರೆಪ್ಪೆ ನೋಡಿದರು. ನಾದಿನಿಯನ್ನೂ ಕರೆದು ತೋರಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತು, ಈ ಸಲದ್ದು ಖರೆ ನಿದ್ದೆಯೇ ಎಂದು ಒಪ್ಪಿಕೊಂಡು, ದೀಪ ಆರಿಸಿದರು.